ಹಣ್ಣು ಕರಗಿದ ಮೇಲೂ ಉಳಿಯುವ ರುಚಿ

ಬ್ರಸೆಲ್ಸ್ ಸುತ್ತಮುತ್ತಲ ನೆಲಮಾಳಿಗೆಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ಮಲಗಿದ ಚೆರ್ರಿ ಬಿಯರ್ ಬಾಟಲಿಗಳು ಈಗಲೂ ಸಿಗುತ್ತವೆ. ಬಿರಡೆ ತೆಗೆದರೆ ಒಳಗೆ ಏನು ಉಳಿದಿರುತ್ತದೆ?

ಬ್ರಸೆಲ್ಸ್‌ನ ದಕ್ಷಿಣ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಆಂಡರ್ಲೆಕ್ಟ್ ಭಾಗದ ಒಂದು ಸಾಧಾರಣ ಬೀದಿಯಲ್ಲಿ ಕಾಂತಿಯೊಂ ಬ್ರೂವರಿ ಇದೆ. ಹೊರಗಿನಿಂದ ನೋಡಿದವರಿಗೆ ಹಳೆಯ ಗೋದಾಮು. ಒಳಗೆ ಕಾಲಿಟ್ಟರೆ ಸಾಲುಸಾಲು ಓಕ್ ಪೀಪಾಯಿಗಳು, ಒದ್ದೆ ಮರದ ವಾಸನೆ, ತೊಲೆತೊಲೆಗೂ ಜೇಡರ ಬಲೆ. ಆ ಬಲೆಗಳನ್ನು ಇಲ್ಲಿ ಯಾರೂ ಗುಡಿಸುವುದಿಲ್ಲ. ಬೇಸಿಗೆಯಲ್ಲಿ ಹಣ್ಣಿನ ಬುಟ್ಟಿಗಳು ಬಂದಿಳಿದಾಗ ಮುತ್ತುವ ನೊಣಗಳನ್ನು ಹಿಡಿಯುವ ಕೆಲಸ ಜೇಡಗಳದ್ದು. ಕೀಟನಾಶಕ ಹೊಡೆಯುವ ಮಾತೇ ಇಲ್ಲ. 1900ರಲ್ಲಿ ಶುರುವಾದ ಈ ಮನೆತನದ ಬ್ರೂವರಿಯಲ್ಲಿ ಬಿಯರ್ ಮಾಡುವ ಕ್ರಮ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ.

ಇಲ್ಲಿ ತಯಾರಾಗುವುದು ಲ್ಯಾಂಬಿಕ್. ಬ್ರಸೆಲ್ಸ್ ನಗರಕ್ಕೂ ಅದರ ನೈರುತ್ಯಕ್ಕಿರುವ ಪಾಯೊಟನ್‌ಲ್ಯಾಂಡ್ ಎಂಬ ಹಳ್ಳಿಗಾಡಿಗೂ ಸೇರಿದ ಹುಳಿ ಬಿಯರ್ ಇದು. ಇದರಲ್ಲಿ ಹುಳಿ ಚೆರ್ರಿ ನೆನೆಸಿದರೆ ಕ್ರೀಕ್, ರಾಸ್ಪ್‌ಬೆರ್ರಿ ನೆನೆಸಿದರೆ ಫ್ರಾಂಬ್ವಾಸ್. ಹಣ್ಣು ಹಾಕದೆ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಗೂಜ್. ಬಿಯರನ್ನು ತಣ್ಣಗೆ, ತಾಜಾ ಇರುವಾಗಲೇ ಕುಡಿದು ಮುಗಿಸಬೇಕು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಈ ಮೂರೂ ಸುಳ್ಳು ಮಾಡುತ್ತವೆ. ಇಂಥ ಬಾಟಲಿಗಳ ಚೀಟಿಯ ಮೇಲೆ ಹತ್ತು, ಇಪ್ಪತ್ತು ವರ್ಷ ಮುಂದಿನ ದಿನಾಂಕವನ್ನು ಗಡುವಾಗಿ ಅಚ್ಚು ಹಾಕಿರುತ್ತಾರೆ.

ಗಾಳಿಗೆ ಬಿಟ್ಟುಕೊಟ್ಟ ರಾತ್ರಿ

ಹೆಚ್ಚಿನ ಬಿಯರ್‌ಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಒಂದೇ ತಳಿಯ ಯೀಸ್ಟ್ ಹಾಕುತ್ತಾರೆ. ಲ್ಯಾಂಬಿಕ್‌ಗೆ ಯಾರೂ ಏನನ್ನೂ ಹಾಕುವುದಿಲ್ಲ. ಮೊಳಕೆ ಬರಿಸಿದ ಬಾರ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಹಸಿ ಗೋಧಿ ಉಳಿದ ಪಾಲು ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಾರೆ. ಅದಕ್ಕೆ ಬೀಳುವ ಹಾಪ್ಸ್ ಎಂಬ ಕಹಿ ಹೂವು ಕೂಡ ಎರಡು ಮೂರು ವರ್ಷ ಹಳೆಯದು. ಕಹಿಯೂ ಪರಿಮಳವೂ ಅದರಲ್ಲಿ ಬಹುತೇಕ ಹೋಗಿರುತ್ತವೆ, ಕೆಡದಂತೆ ಕಾಯುವ ಗುಣ ಮಾತ್ರ ಉಳಿದಿರುತ್ತದೆ. ಕುದಿದ ರಸವನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿಗೆ ಏರಿಸುತ್ತಾರೆ. ಕಾಂತಿಯೊಂನ ತೊಟ್ಟಿ ಸುಮಾರು 7,500 ಲೀಟರಿನದು. ರಾತ್ರಿಯಿಡೀ ಅದು ತೆರೆದ ಬಾಯಲ್ಲಿ ತಣಿಯುತ್ತದೆ. ಸೆನ್ ನದಿ ಕಣಿವೆಯ ಗಾಳಿಯಲ್ಲಿ, ಅಟ್ಟದ ಮರದಲ್ಲಿ, ಪೀಪಾಯಿಯ ಒಳಮೈಯಲ್ಲಿ ಇರುವ ಯೀಸ್ಟ್, ಬ್ಯಾಕ್ಟೀರಿಯಾಗಳು ತಾವಾಗಿ ಸೇರಿಕೊಳ್ಳುತ್ತವೆ. ನಮ್ಮ ಅಡುಗೆಮನೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ತನ್ನಷ್ಟಕ್ಕೆ ಉಕ್ಕಿ ಹುಳಿಯಾಗುವುದೂ ಇದೇ ಬಗೆಯಲ್ಲಿ. ವ್ಯತ್ಯಾಸವೆಂದರೆ ಹಿಟ್ಟಿಗೆ ಒಂದು ರಾತ್ರಿ ಸಾಕು, ಲ್ಯಾಂಬಿಕ್‌ಗೆ ಮೂರು ವರ್ಷವೂ ಬೇಕಾಗಬಹುದು.

ಆ ವರ್ಷಗಳಲ್ಲಿ ಪೀಪಾಯಿಯೊಳಗೆ ಸರದಿಯ ಪ್ರಕಾರ ಕೆಲಸ ನಡೆಯುತ್ತದೆ. ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲೇ ಈ ಸರದಿಯನ್ನು ಬಿಡಿಸಿಟ್ಟರು. ಮೊದಲ ಕೆಲವು ವಾರ ಒಂದು ಗುಂಪಿನ ಬ್ಯಾಕ್ಟೀರಿಯಾ, ಆಮೇಲೆ ಸಕ್ಕರೆಯನ್ನು ಮದ್ಯವಾಗಿಸುವ ಮಾಮೂಲು ಯೀಸ್ಟ್, ಬೇಸಿಗೆಯ ಸೆಕೆ ಬಂದಾಗ ಹುಳಿ ತರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಕೊನೆಗೆ ಬ್ರೆಟನೊಮೈಸಿಸ್ ಎಂಬ ನಿಧಾನಗತಿಯ ಯೀಸ್ಟ್. 1904ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಇದನ್ನು ಗುರುತಿಸಿದ್ದು ಇಂಗ್ಲೆಂಡಿನ ಬಿಯರ್‌ಗಳಲ್ಲಿ. ಬೇರೆ ಯೀಸ್ಟ್‌ಗಳು ಮುಟ್ಟದ ಸಕ್ಕರೆಯನ್ನೂ ಬಿಡದೆ ತಿನ್ನುವ ಇದು ಬಾಟಲಿ ಸೇರಿದ ಮೇಲೂ ವರ್ಷಾನುಗಟ್ಟಲೆ ಜೀವಂತವಾಗಿರುತ್ತದೆ. ಬಾಟಲಿಯೊಳಗಿನ ಚೂರುಪಾರು ಆಮ್ಲಜನಕವನ್ನು ಯೀಸ್ಟ್ ಎಳೆದುಕೊಳ್ಳುವುದರಿಂದ ಬಿಯರ್ ಬೇಗ ಹಳಸುವುದಿಲ್ಲ. ಹುಳಿ, ಹಳೆಯ ಹಾಪ್ಸ್, ಜೀವಂತ ಯೀಸ್ಟ್ ಈ ಮೂರೂ ಸೇರಿ ಕೇವಲ ಐದಾರು ಶೇಕಡಾ ಮದ್ಯವಿರುವ ಪಾನೀಯವನ್ನು ದಶಕಗಳ ಕಾಲ ಕಾಯುತ್ತವೆ.

ಗೊರಟೆಯೊಳಗಿನ ಬಾದಾಮಿ

ಹಣ್ಣು ಬರುವುದು ಬೇಸಿಗೆಯ ನಡುವಿಗೆ. ಬ್ರಸೆಲ್ಸ್‌ನ ಉತ್ತರದ ಸ್ಖಾರ್ಬೇಕ್ ಒಂದು ಕಾಲಕ್ಕೆ ತೋಟಗಳ ಊರು. ಅಲ್ಲಿನ ಸಣ್ಣ, ಕಡುಗೆಂಪು ಹುಳಿ ಚೆರ್ರಿಯನ್ನು ಕತ್ತೆಗಳ ಮೇಲೆ ಹೇರಿ ಪೇಟೆಗೆ ತರುತ್ತಿದ್ದರು. ಊರಿಗೆ ಕತ್ತೆಗಳ ಊರು ಎಂಬ ಅಡ್ಡಹೆಸರು ಇವತ್ತಿಗೂ ಅಂಟಿಕೊಂಡಿದೆ. ನಗರ ಬೆಳೆದು ತೋಟಗಳನ್ನು ನುಂಗಿತು. ಆ ತಳಿಯ ಮರಗಳು ಈಗ ಸುತ್ತಲ ಹಳ್ಳಿಗಳ ಹಿತ್ತಲಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಬ್ರೂವರಿಗಳಿಗೆ ಬರುವ ಚೆರ್ರಿಯಲ್ಲಿ ಹೆಚ್ಚಿನ ಪಾಲು ಪೂರ್ವ ಯುರೋಪಿನದು.

ಕಾಂತಿಯೊಂನಲ್ಲಿ ಒಂದು ಲೀಟರ್ ಬಿಯರ್‌ಗೆ ಸುಮಾರು 200 ಗ್ರಾಂ ಹಣ್ಣು. ಇದರ ಎರಡರಷ್ಟು ಹಾಕುವವರೂ ಇದ್ದಾರೆ. ಚೆರ್ರಿಯನ್ನು ಗೊರಟೆ ಸಮೇತ ಇಡಿಯಾಗಿ ಪೀಪಾಯಿಗೆ ಸುರಿದು, ಬಲಿತ ಲ್ಯಾಂಬಿಕ್ ತುಂಬಿಸುತ್ತಾರೆ. ಹಣ್ಣಿನ ಸಕ್ಕರೆ ಸಿಕ್ಕಿದ್ದೇ ಯೀಸ್ಟ್ ಮತ್ತೆ ಎಚ್ಚರಗೊಳ್ಳುತ್ತದೆ. ತಿಂಗಳುಗಳಲ್ಲಿ ತಿರುಳು ಕರಗಿಹೋಗುತ್ತದೆ, ತಳದಲ್ಲಿ ಸಿಪ್ಪೆ ಮತ್ತು ಗೊರಟೆ ಉಳಿಯುತ್ತವೆ. ಗೊರಟೆಯೊಳಗಿನ ಬೀಜದಲ್ಲಿ ಅಮಿಗ್ಡಾಲಿನ್ ಎಂಬ ಅಂಶವಿದೆ. ಅದು ಒಡೆದಾಗ ಬಿಡುಗಡೆಯಾಗುವುದು ಬೆಂಜಾಲ್ಡಿಹೈಡ್, ಬಾದಾಮಿಯ ಪರಿಮಳ ಕೊಡುವ ವಸ್ತು. ಹಳೆಯ ಕ್ರೀಕ್ ಕುಡಿದವರು ಮೊದಲು ನೆನೆಯುವುದೂ ಈ ಬಾದಾಮಿಯನ್ನೇ.

ಎಲ್ಲ ಹಣ್ಣಿಗೂ ಒಂದೇ ಆಯಸ್ಸಿಲ್ಲ. ದ್ವೊರ್ಪ್ ಎಂಬ ಹಳ್ಳಿಯ ಹಾನ್ಸೆನ್ಸ್ ಮನೆತನದವರು ಸ್ಟ್ರಾಬೆರ್ರಿ ಹಾಕಿದ ಲ್ಯಾಂಬಿಕ್ ಮಾಡುತ್ತಾರೆ. ಬಾಟಲಿಗೆ ಇಳಿಯುವ ಹೊತ್ತಿಗೇ ಅದರಲ್ಲಿ ಹಣ್ಣಿನ ಕೆಂಪು ಹೆಚ್ಚು ಉಳಿದಿರುವುದಿಲ್ಲ. ರಾಸ್ಪ್‌ಬೆರ್ರಿಯ ಪರಿಮಳ ಮೊದಲ ವರ್ಷ ಮೂಗಿಗೆ ಅಡರುತ್ತದೆ, ಎರಡು ಮೂರು ವರ್ಷದಲ್ಲಿ ತೆಳುವಾಗುತ್ತದೆ. ಕಾಂತಿಯೊಂ ಮಾಡುವ ಫೂ ಫೂನ್ ಎಂಬ ಏಪ್ರಿಕಾಟ್ ಬಿಯರನ್ನು ಜನ ಕಾದು ಕೊಂಡು ತಾಜಾ ಇರುವಾಗಲೇ ಕುಡಿಯುವುದಕ್ಕೂ ಇದೇ ಕಾರಣ. ಸಿಪ್ಪೆಯ ಒಗರು ಮತ್ತು ಗೊರಟೆ ಎರಡೂ ಇರುವ ಹುಳಿ ಚೆರ್ರಿಯೇ ಬಹುಕಾಲ ತಾಳುವುದು. ವೈನ್ ದ್ರಾಕ್ಷಿ ಹಾಕಿದ್ದೂ ಚೆನ್ನಾಗಿ ತಾಳುತ್ತದೆ.

ಬಿರಡೆಯ ಮೇಲಿನ ಇಸವಿ

ಹಳೆಯ ಬಾಟಲಿ ಸಿಗುವುದು ಎರಡು ದಾರಿಯಲ್ಲಿ. ಒಂದು, ಅವನ್ನು ಬೇಕೆಂದೇ ಕೂಡಿಟ್ಟ ಕೆಫೆಗಳು. ಆಂಟ್‌ವರ್ಪ್‌ನ ಕುಲ್ಮಿನಾಟರ್ ಹಳೆಯ ಬಿಯರ್‌ಗಳ ಸಂಗ್ರಹಕ್ಕೇ ಜಗತ್ತಿನಾದ್ಯಂತ ಹೆಸರು ಮಾಡಿತು. ಪಾಯೊಟನ್‌ಲ್ಯಾಂಡ್‌ನ ಐಜರಿಂಗನ್ ಹಳ್ಳಿಯಲ್ಲಿ ಚರ್ಚಿನ ಎದುರಿಗೊಂದು ಕೆಫೆಯಿದೆ. ‘ಮಹಾದಾಹಕ್ಕೆ ವಿಮೆ’ ಎನ್ನುವ ಅರ್ಥದ ಹೆಸರು ಅದಕ್ಕೆ. ಅದು ಮುಖ್ಯವಾಗಿ ಭಾನುವಾರದ ಕೆಫೆ. ಅಲ್ಲಿನ ಪಟ್ಟಿಯಲ್ಲಿ ಇಸವಿ ನೋಡಿ ಬಾಟಲಿ ಕೇಳಬಹುದು. ಇನ್ನೊಂದು ದಾರಿ, ಮನೆಗಳ ನೆಲಮಾಳಿಗೆ. ಹಿರಿಯರು ತೀರಿಕೊಂಡಾಗ, ಮನೆ ಮಾರುವಾಗ, ಮೂಲೆಯಲ್ಲಿ ಮಲಗಿದ್ದ ಬಾಟಲಿಗಳು ಹೊರಬರುತ್ತವೆ.

ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿರುವ ಸಾಗರ ಕಡೆಯ ಸ್ನೇಹಿತನ ಮನೆಗೆ ಅಂಥ ಒಂದಷ್ಟು ಬಾಟಲಿಗಳು ಬಂದಿದ್ದವು. ಹಳ್ಳಿಯೊಂದರ ಅಜ್ಜಿ ಮನೆ ಖಾಲಿ ಮಾಡುವಾಗ, ಯಾರಾದರೂ ಕುಡಿಯುವವರಿಗೇ ಸೇರಲಿ ಎಂದು ಕೊಟ್ಟವು. ಅವನು ಅವನ್ನು ಮೂರು ವಾರ ಅಲುಗಿಸದೆ ಇಟ್ಟಿದ್ದ. ತೇವಕ್ಕೆ ಚೀಟಿಗಳು ಕರಗಿ ಹೋಗಿದ್ದವು. ಗಾಜಿನ ಮೇಲೆ ಸುಣ್ಣದ ಬಿಳಿ ಗೀಟು ಮಾತ್ರ ಉಳಿದಿತ್ತು. ಬಾಟಲಿ ಯಾವ ಮಗ್ಗುಲಲ್ಲಿ ಮಲಗಿತ್ತೆಂದು ಗುರುತಿಗೆ ಹಿಂದಿನವರು ಎಳೆಯುತ್ತಿದ್ದ ಗೀಟು ಅದು.

“ಅಲುಗಿಸಬೇಡ ಮಾರಾಯ, ಗಸಿ ಎದ್ದರೆ ಮುಗೀತು” ಎನ್ನುತ್ತಲೇ ಅವನು ಮೊದಲ ಬಾಟಲಿಯನ್ನು ಬಿದಿರುಬುಟ್ಟಿಯಂಥ ಪುಟ್ಟ ಹೆಣಿಗೆ ಬುಟ್ಟಿಯಲ್ಲಿ ಓರೆಯಾಗಿ ಮಲಗಿಸಿದ. ಹಳೆಯ ಗೂಜ್, ಕ್ರೀಕ್‌ಗಳನ್ನು ಬಡಿಸುವುದೇ ಹೀಗೆ. ಕೊನೆಯ ಲೋಟದವರೆಗೂ ಬಾಟಲಿಯನ್ನು ನೆಟ್ಟಗೆ ನಿಲ್ಲಿಸುವುದಿಲ್ಲ. ಮುಚ್ಚಳ ತುಕ್ಕು ಹಿಡಿದಿತ್ತು. ಅದನ್ನು ತೆಗೆದು, ಬಾಯಿಯ ಸುತ್ತಲಿನ ಮಣ್ಣುಬಣ್ಣದ ಕಿಲುಬನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಬಿರಡೆಯನ್ನು ತಿರುಪಿನಿಂದ ಎಳೆಯುವಾಗ ಅರ್ಧಕ್ಕೆ ಮುರಿಯುತ್ತದೇನೋ ಎಂಬ ಆತಂಕವಿತ್ತು. ಇಡಿಯಾಗಿ ಬಂತು, ಒಂದು ಸಣ್ಣ ಉಸಿರಿನೊಂದಿಗೆ. ತಳ ಕಪ್ಪಾಗಿ ನೆನೆದಿತ್ತು. ಪಕ್ಕದಲ್ಲಿ, ಉಗುರಿನಿಂದ ಒರೆಸಿದಾಗ, ಬಾಟಲಿಗೆ ತುಂಬಿದ ವರ್ಷ ಕಾಣಿಸಿತು: 2004.

ಪಕ್ಕದಲ್ಲೇ ಈಚಿನ ಕ್ರೀಕ್ ಒಂದನ್ನು ತೆರೆದಿಟ್ಟಿದ್ದೆವು. ಹೊಸದು ಲೋಟದಲ್ಲಿ ಮಾಣಿಕ್ಯದ ಕೆಂಪು, ಮೇಲೆ ಗುಲಾಬಿ ನೊರೆ, ಬಾಯಿಗಿಟ್ಟ ಕೂಡಲೇ ಹಸಿ ಚೆರ್ರಿ. ಹಳೆಯದು ಇಟ್ಟಿಗೆಗೆಂಪು ದಾಟಿ ಕಂದಿನತ್ತ ಹೊರಳಿತ್ತು, ಲೋಟದ ಅಂಚಿನಲ್ಲಿ ಕಿತ್ತಳೆಯ ಛಾಯೆ. ನೊರೆ ಬಂದು ಕ್ಷಣದಲ್ಲಿ ಅಡಗಿತು, ಆದರೆ ಸಣ್ಣ ಗುಳ್ಳೆಗಳು ತಳದಿಂದ ಏಳುತ್ತಲೇ ಇದ್ದವು. ಮೂಗಿಗೆ ಮೊದಲು ಬಂದದ್ದು ಹಣ್ಣಲ್ಲ, ಬಾದಾಮಿ. ಅದರ ಹಿಂದೆ ಹಳೆಯ ಚರ್ಮ, ಒಣಹುಲ್ಲು, ನೆಲಮಾಳಿಗೆಯ ತೇವ. ಒಂದು ಗುಟುಕು ಬಾಯಲ್ಲಿ ಹಿಡಿದರೆ ಹುಳಿ ಹರಿತ ಕಳೆದುಕೊಂಡು ದುಂಡಗಾಗಿತ್ತು. ಚೆರ್ರಿ ಎಲ್ಲಿ ಎಂದು ಹುಡುಕುವಷ್ಟರಲ್ಲಿ, ನುಂಗಿದ ಮೇಲೆ, ಗಂಟಲಿನ ಹತ್ತಿರ ಅದು ಕಾಣಿಸಿಕೊಂಡಿತು: ಹಸಿ ಹಣ್ಣಾಗಿ ಅಲ್ಲ, ಒಣಗಿಸಿದ ಹಣ್ಣಿನ ಒಗರಾಗಿ. ಲೋಟ ಸ್ವಲ್ಪ ಬೆಚ್ಚಗಾಗುತ್ತಿದ್ದಂತೆ ಆ ಒಗರು ಇನ್ನಷ್ಟು ಬಿಚ್ಚಿಕೊಂಡಿತು. ಇಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾತು ನಿಲ್ಲಲಿಲ್ಲ.

ಬಣ್ಣ ಹಾಗೇಕಾಯಿತು ಎನ್ನುವುದಕ್ಕೆ ಸ್ಪಷ್ಟ ಉತ್ತರವಿದೆ. ಚೆರ್ರಿಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ವರ್ಷ ಕಳೆದಂತೆ ಅದು ಒಗರಿನ ಅಂಶಗಳ ಜೊತೆ ಸೇರಿ ದೊಡ್ಡ ಅಣುಗಳಾಗಿ ಕಂದುತ್ತದೆ, ಒಂದಷ್ಟು ಗಸಿಯಾಗಿ ತಳ ಸೇರುತ್ತದೆ. ಹಸಿ ಹಣ್ಣಿನ ಪರಿಮಳ ಕೊಡುವ ಹಗುರ ಅಂಶಗಳು ಒಡೆದು ಬೇರೆಯಾಗುತ್ತವೆ. ಬಿರಡೆಯ ಮೂಲಕ ತೀರ ನಿಧಾನವಾಗಿ ಒಳಬರುವ ಗಾಳಿ ಶೆರ್ರಿ ವೈನಿನ ಛಾಯೆ ತರುತ್ತದೆ. ಹಣ್ಣು ಹಿಂದೆ ಸರಿದಷ್ಟೂ ಅದರಡಿಯ ಲ್ಯಾಂಬಿಕ್ ಮುಂದೆ ಬರುತ್ತದೆ. ಅದು ಚೆನ್ನಾಗಿದ್ದರೆ ಬಾಟಲಿ ಗೆದ್ದಿತು.

ಗೆಲ್ಲದ ಬಾಟಲಿಯೂ ಅದೇ ಮೇಜಿನ ಮೇಲಿತ್ತು. ಇದು ರಾಸ್ಪ್‌ಬೆರ್ರಿಯದು, ಕ್ರೀಕ್‌ಗಿಂತ ಕಿರಿಯದು. ಬಿರಡೆ ಸದ್ದಿಲ್ಲದೆ ಜಾರಿ ಬಂತು. ಬಣ್ಣ ಮಸಕು ಕಂದು, ಮೂಗಿಗೆ ವಿನೆಗರ್, ಬಾಯಿಗೆ ನೆನೆದ ರಟ್ಟು. ರಾಸ್ಪ್‌ಬೆರ್ರಿಯ ನೆನಪೂ ಇರಲಿಲ್ಲ. ಬಿರಡೆ ಒಣಗಿ ಗಾಳಿ ನುಗ್ಗಿದರೆ ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಆ ಬಿಯರನ್ನು ಸಿಂಕಿಗೆ ಸುರಿಯದೆ ಬೇರೆ ದಾರಿಯಿರಲಿಲ್ಲ. ಹಳೆಯದಾದಷ್ಟೂ ಒಳ್ಳೆಯದು ಎನ್ನುವ ಮಾತನ್ನು ಹಣ್ಣಿನ ಬಿಯರ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಹಣ್ಣಿನ ಸುಖ ಬೇಕಾದವರು ಕ್ರೀಕನ್ನು ಮೊದಲ ಮೂರು ನಾಲ್ಕು ವರ್ಷದಲ್ಲೂ, ರಾಸ್ಪ್‌ಬೆರ್ರಿಯದನ್ನು ಆದಷ್ಟು ಬೇಗನೆಯೂ ಕುಡಿಯುವುದು ಸರಿ. ಹದಿನೈದು ವರ್ಷ ಕಾಯಬೇಕಾದದ್ದು ಹಣ್ಣು ಹೋದ ಮೇಲೆ ಏನು ನಿಂತಿದೆ ಎಂದು ತಿಳಿಯುವ ಆಸೆಯುಳ್ಳವರು. ಆ ಆಸೆ ತಪ್ಪದೆ ಈಡೇರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು.

ಸೆಕೆಯೇ ಶತ್ರು

ಕೊಳ್ಳುವವರು ಮೊದಲು ನೋಡಬೇಕಾದದ್ದು ಚೀಟಿ. ಡಚ್‌ನಲ್ಲಿ ‘ಔಡ’, ಫ್ರೆಂಚ್‌ನಲ್ಲಿ ‘ವಿಯೇ’ ಎಂಬ ಶಬ್ದ ಕ್ರೀಕ್ ಅಥವಾ ಗೂಜ್ ಹೆಸರಿನ ಮೊದಲು ಇದ್ದರೆ ಅದು ಸಾಂಪ್ರದಾಯಿಕ ಕ್ರಮದ್ದು. 1997ರಿಂದ ಐರೋಪ್ಯ ಒಕ್ಕೂಟ ಆ ಹೆಸರುಗಳಿಗೆ ರಕ್ಷಣೆ ಕೊಟ್ಟಿದೆ. ಆ ಶಬ್ದವಿಲ್ಲದ ಸಿಹಿ ಚೆರ್ರಿ ಬಿಯರ್‌ಗಳಲ್ಲಿ ಹೆಚ್ಚಿನವು ರಸವನ್ನೋ ಸಕ್ಕರೆಯನ್ನೋ ಸೇರಿಸಿ, ಸೋಸಿ, ಬಿಸಿ ಮಾಡಿ ಯೀಸ್ಟ್ ಅಡಗಿಸಿದಂಥವು. ಕುಡಿಯಲು ಹಿತ, ಆದರೆ ಕೂಡಿಡಲು ಅಲ್ಲ. ಒಳಗೆ ಕೆಲಸ ಮಾಡುವ ಜೀವವೇ ಇರುವುದಿಲ್ಲ.

ಇಡಬೇಕಾದದ್ದು ಕತ್ತಲಲ್ಲಿ, ಹತ್ತರಿಂದ ಹದಿನೈದು ಡಿಗ್ರಿ ತಂಪಿನಲ್ಲಿ. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಕೆಟ್ಟ ವಾಸನೆಗೆ ತಿರುಗುತ್ತದೆ. ಸೆಕೆ ಏನು ಮಾಡಬಲ್ಲದು ಎಂಬುದಕ್ಕೆ 2009ರ ಮೇ ತಿಂಗಳ ಒಂದು ದುರಂತ ಸಾಕ್ಷಿ. ಬೇರ್ಸೆಲ್‌ನ ದ್ರೀ ಫೊಂಟೇನೆನ್ ಬ್ರೂವರಿಯಲ್ಲಿ ಬಾಟಲಿಗಳನ್ನು ಬೆಚ್ಚಗಿಡುವ ಕೋಣೆಯ ಉಷ್ಣತಾ ನಿಯಂತ್ರಕ ಕೈಕೊಟ್ಟು, ಒಳಗೆ ಬಿಸಿ ಏರುತ್ತಲೇ ಹೋಯಿತು. ಸಾವಿರಾರು ಬಾಟಲಿಗಳು ಸಿಡಿದವು, ಸಿಡಿಯದ ಹತ್ತಾರು ಸಾವಿರ ಬಾಟಲಿಗಳ ಬಿಯರ್ ಕೆಟ್ಟಿತು. ಮಾಲೀಕ ಆರ್ಮಾಂಡ್ ಡೆಬೆಲ್ಡರ್‌ಗೆ ಬ್ರೂವರಿಯೇ ಮುಳುಗುವ ಹೊತ್ತು. ಆಗ ಅಭಿಮಾನಿಗಳು ಬಂದು ಒಂದೊಂದೇ ಬಾಟಲಿ ಬಿಚ್ಚಿ ಖಾಲಿ ಮಾಡಿಕೊಟ್ಟರು. ಕೆಟ್ಟ ಬಿಯರನ್ನು ಭಟ್ಟಿ ಇಳಿಸಿ ಮದ್ಯ ಮಾಡಿ ಮಾರಿ ಆರ್ಮಾಂಡ್ ಮತ್ತೆ ಎದ್ದು ನಿಂತರು. 2022ರಲ್ಲಿ ತೀರಿಕೊಂಡ ಅವರು ತುಂಬಿಸಿದ ಬಾಟಲಿಗಳನ್ನು ಜನ ಈಗಲೂ ಹುಡುಕಿಕೊಂಡು ಹೋಗುತ್ತಾರೆ.

ಭಾರತಕ್ಕೆ ತರುವವರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಬೆಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಅವನ್ನು ಕಪಾಟಿನಲ್ಲಿ ಮಲಗಿಸಿ ಹತ್ತು ವರ್ಷ ಕಾಯುವುದು ಬಿಯರ್‌ಗೆ ಮಾಡುವ ಅನ್ಯಾಯ. ಫ್ರಿಜ್ಜಿನಲ್ಲಿಟ್ಟು, ಒಂದೆರಡು ದಿನ ನೆಟ್ಟಗೆ ನಿಲ್ಲಿಸಿ ಗಸಿ ಇಳಿಸಿ, ಕುಡಿಯುವ ಮೊದಲು ಸ್ವಲ್ಪ ಹೊತ್ತು ಹೊರಗಿಟ್ಟು ತೆರೆಯುವುದು ಒಳ್ಳೆಯದು. ತೀರ ತಣ್ಣಗಿದ್ದರೆ ಹುಳಿಯೊಂದೇ ಗೊತ್ತಾಗುತ್ತದೆ.

ಹೊಸದನ್ನು ಕೊಳ್ಳುವವರ ಋಣ

ಈ ಬಾಟಲಿಗಳಿಗೆ ಈಗ ಬೆಲೆ ಬಂದಿದೆ. ಹರಾಜಿನಲ್ಲಿ ಕೆಲವು ಇಸವಿಗಳು ವೈನ್‌ನ ದರಕ್ಕೆ ಏರುತ್ತವೆ. ಕುಡಿಯುವ ಇರಾದೆಯೇ ಇಲ್ಲದವರು ಪೆಟ್ಟಿಗೆಗಟ್ಟಲೆ ಕೊಂಡು ಮಾರುತ್ತಾರೆ. ಇದು ನನಗೆ ನೋವಿನ ಸಂಗತಿ. ಒಂದು ಲೀಟರ್‌ಗೆ ಇನ್ನೂರು ಗ್ರಾಂ ಚೆರ್ರಿ ಸುರಿದವರು ಅದನ್ನು ಲೋಟಕ್ಕೆಂದೇ ಸುರಿದದ್ದು.

ಇನ್ನೊಂದು ಮಾತನ್ನೂ ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬ್ರಸೆಲ್ಸ್‌ನಲ್ಲೂ ಸುತ್ತಲೂ ಲ್ಯಾಂಬಿಕ್ ಕುದಿಸುವವರು, ಬೆರೆಸುವವರು ನೂರಾರು ಮಂದಿ ಇದ್ದರು. ಎರಡು ಮಹಾಯುದ್ಧ, ಲಾಗರ್ ಬಿಯರ್, ಸಿಹಿ ಪಾನೀಯಗಳ ರುಚಿ ಸೇರಿ ಅವರನ್ನು ಒಬ್ಬೊಬ್ಬರಾಗಿ ಮುಚ್ಚಿಸಿದವು. ನಗರದೊಳಗೆ ದಶಕಗಳ ಕಾಲ ಉಳಿದದ್ದು ಕಾಂತಿಯೊಂ ಒಂದೇ. ಅದನ್ನು ಉಳಿಸಲು ಅಲ್ಲಿನ ಬ್ರೂವರ್ ಜಾನ್ ಪಿಯೇರ್ ವಾನ್ ರಾಯ್ 1978ರಲ್ಲಿ ಬ್ರೂವರಿಯನ್ನೇ ವಸ್ತುಸಂಗ್ರಹಾಲಯವನ್ನಾಗಿಯೂ ತೆರೆದರು. ಲೆಂಬೇಕ್‌ನಲ್ಲಿ ಫ್ರಾಂಕ್ ಬೋನ್ 1970ರ ದಶಕದಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಹಳೆಯ ಬ್ರೂವರಿಯೊಂದನ್ನು ಕೊಂಡಾಗ ಹುಳಿ ಬಿಯರ್‌ಗೆ ಗಿರಾಕಿ ಇರಲಿಲ್ಲ. ಬೇರ್ಸೆಲ್‌ನ ಔಡ್ ಬೇರ್ಸೆಲ್ ಬ್ರೂವರಿ 2002ರಲ್ಲಿ ಮುಚ್ಚಿ, 2005ರಲ್ಲಿ ಹೊಸಬರ ಕೈಯಲ್ಲಿ ಮತ್ತೆ ತೆರೆಯಿತು. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಪಟ್ಟಿಗೆ ಸೇರಿಸಲು ಏನಾದರೂ ಉಳಿದಿದ್ದರೆ ಅದು ಇಂಥವರ ಹಟದಿಂದ.

ಈಗ ಹವೆ ಬೇರೆ ಕಾಟ ಕೊಡುತ್ತಿದೆ. ತೊಟ್ಟಿಯ ಬಿಯರ್ ಸರಿಯಾಗಿ ತಣಿಯಲು ರಾತ್ರಿ ಎಂಟು ಡಿಗ್ರಿಗಿಂತ ಕೆಳಗಿಳಿಯಬೇಕು. 2015ರ ನವೆಂಬರ್ ಬೆಚ್ಚಗಿದ್ದು ಕಾಂತಿಯೊಂ ಒಲೆ ಆರಿಸಬೇಕಾಯಿತು. ಕುದಿಸುವ ಹಂಗಾಮು ಕಿರಿದಾಗುತ್ತಿದೆ. ಇನ್ನೊಂದು ಕಡೆ ದ್ರೀ ಫೊಂಟೇನೆನ್‌ನವರು ಸ್ಖಾರ್ಬೇಕ್ ಚೆರ್ರಿಯ ಉಳಿದ ಮರಗಳನ್ನು ಹುಡುಕಿಸಿ, ಹೊಸ ಸಸಿ ನೆಡಿಸಿ, ಆ ಹಣ್ಣಿನದ್ದೇ ಬೇರೆ ಕ್ರೀಕ್ ಮಾಡುತ್ತಿದ್ದಾರೆ.

2004ರ ಆ ಬಾಟಲಿ ನಮ್ಮ ಮೇಜಿಗೆ ಬಂದದ್ದು ಅಂದು ಯಾರೋ ಮಾಡಿದ್ದರಿಂದ, ಇನ್ನಾರೋ ಕೊಂಡಿದ್ದರಿಂದ. ಹಳೆಯ ಬಾಟಲಿಯನ್ನು ಪ್ರೀತಿಸುವವರಿಗೆ ನನ್ನ ಕೋರಿಕೆ ಒಂದೇ: ಹರಾಜಿನಲ್ಲಿ ಹಳೆಯದೊಂದಕ್ಕೆ ಸುರಿಯುವ ಹಣದಲ್ಲಿ ಈ ವರ್ಷದ ಕ್ರೀಕ್ ಎರಡು ಕೊಳ್ಳಿ. ಒಂದನ್ನು ಹಣ್ಣಿರುವಾಗಲೇ ಸ್ನೇಹಿತರ ಜೊತೆ ಕುಡಿಯಿರಿ. ಇನ್ನೊಂದರ ಮೇಲೆ ಇಸವಿ ಬರೆದು, ತಂಪಾದ ಜಾಗವಿದ್ದರೆ, ಮಲಗಿಸಿ. ಪೀಪಾಯಿ ತುಂಬುವವರಿಗೂ ಸಸಿ ನೆಡುವವರಿಗೂ ಹಣ ಹೋಗುವುದು ಹೊಸ ಬಾಟಲಿಯಿಂದ ಮಾತ್ರ. ಅದು ನಿಂತರೆ ಇನ್ನು ಇಪ್ಪತ್ತು ವರ್ಷಕ್ಕೆ ತೆರೆಯಲು ಹಳೆಯದೂ ಇರುವುದಿಲ್ಲ.